ಮಗುವಿಗಾಗಿ ಮೊದಲ ಸಲ ಡಾಕ್ಟರ ಹತ್ತಿರ ಹೋಗುವ ಮುನ್ನ

ಮಗುವಾಗಿಲ್ಲ ಎಂದು ಮೊದಲ ಸಲ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ದಪ್ಪ ಫೈಲ್ ಇರುತ್ತದೆ. ಥೈರಾಯ್ಡ್ ರಿಪೋರ್ಟು ಮೂರು, ಸ್ಕ್ಯಾನ್ ಐದಾರು, ಯಾರೋ ಹೇಳಿದರೆಂದು ಮಾಡಿಸಿದ ಎಎಂಎಚ್ (ಅಂಡಗಳ ಅಂದಾಜು ಹೇಳುವ ರಕ್ತ ಪರೀಕ್ಷೆ) ಒಂದು. ಎಲ್ಲವೂ ಹೆಂಡತಿಯ ಹೆಸರಲ್ಲಿ. ಗಂಡನ ಹೆಸರಿನ ಒಂದು ಚೀಟಿಯೂ ಇರುವುದಿಲ್ಲ. "ಕಳೆದ ಸಲ ಮುಟ್ಟಾಗಿದ್ದು ಯಾವತ್ತು?" ಎಂದು ಕೇಳಿದರೆ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆ.

ಮೊದಲ ಭೇಟಿಯಲ್ಲಿ ಮುಕ್ಕಾಲು ಪಾಲು ಮಾತೇ. ಆ ಮಾತು ಸರಿಯಾಗಿ ನಡೆದರೆ ಎಷ್ಟೋ ಪರೀಕ್ಷೆ ಬೇಕಾಗುವುದಿಲ್ಲ. ಆದ್ದರಿಂದ ಫೈಲ್ ದಪ್ಪ ಮಾಡುವ ಬದಲು ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆದುಕೊಂಡು, ಇಬ್ಬರೂ ಒಟ್ಟಿಗೆ ಬನ್ನಿ.

ಯಾವಾಗ ಬರಬೇಕು? ಹೆಂಡತಿಗೆ 35 ತುಂಬಿಲ್ಲದಿದ್ದರೆ ಒಂದು ವರ್ಷ ಪ್ರಯತ್ನಿಸಿ ನೋಡಬಹುದು. 35 ದಾಟಿದ್ದರೆ 6 ತಿಂಗಳು ಸಾಕು. 40 ದಾಟಿದ್ದರೆ ಕಾಯುವುದೇ ಬೇಡ. ಮುಟ್ಟು ಎರಡು-ಮೂರು ತಿಂಗಳಿಗೊಮ್ಮೆ ಆಗುತ್ತಿದ್ದರೆ, ಮುಟ್ಟಿನಲ್ಲಿ ಎದ್ದು ಕೂರಲಾಗದಷ್ಟು ನೋವಿದ್ದರೆ, ಅಂಡಾಶಯದ ಆಪರೇಷನ್ ಆಗಿದ್ದರೆ, ಗಂಡನಿಗೆ ಚಿಕ್ಕಂದಿನಲ್ಲಿ ವೃಷಣ ಕೆಳಗಿಳಿಯದೆ ಆಪರೇಷನ್ ಆಗಿದ್ದರೆ ಆಗಲೂ ಬೇಗ ಬನ್ನಿ. ಉಳಿದವರು ಗಾಬರಿ ಬೀಳಬೇಕಾಗಿಲ್ಲ. ನೂರು ಜೋಡಿಗಳಲ್ಲಿ ಎಂಬತ್ತಕ್ಕೂ ಹೆಚ್ಚು ಜೋಡಿಗೆ ಮೊದಲ ವರ್ಷದಲ್ಲೇ ಗರ್ಭ ನಿಲ್ಲುತ್ತದೆ. ಉಳಿದವರಲ್ಲಿ ಅರ್ಧದಷ್ಟು ಮಂದಿಗೆ ಎರಡನೇ ವರ್ಷದಲ್ಲಿ.

ಆದರೆ ಆ ವರ್ಷವನ್ನು ಲೆಕ್ಕ ಹಾಕುವುದು ಮದುವೆಯ ದಿನದಿಂದಲ್ಲ. ಗಂಡ ಬೆಂಗಳೂರಲ್ಲಿ, ಹೆಂಡತಿ ಹಾವೇರಿ ಕಡೆ ಶಾಲೆಯಲ್ಲಿ ಟೀಚರ್, ಭೇಟಿ ಹದಿನೈದು ದಿನಕ್ಕೊಮ್ಮೆ ಶನಿವಾರ-ಭಾನುವಾರ. ಇಲ್ಲವೇ ಗಂಡ ದುಬೈನಲ್ಲಿ, ವರ್ಷಕ್ಕೆ ಒಂದು ತಿಂಗಳು ರಜೆ. ಇಂಥವರು "ಮದುವೆಯಾಗಿ ಮೂರು ವರ್ಷ ಆಯ್ತು ಡಾಕ್ಟ್ರೇ" ಎನ್ನುತ್ತಾರೆ. ಕೂಡಿಸಿ ನೋಡಿದರೆ ಜೊತೆಗಿದ್ದದ್ದು ಆರು ತಿಂಗಳೂ ಇರುವುದಿಲ್ಲ. ಗರ್ಭ ನಿಲ್ಲಬಹುದಾದ ದಿನಗಳು ತಿಂಗಳಲ್ಲಿ ಆರೇ ಆರು: ಅಂಡ ಬಿಡುಗಡೆಯಾಗುವ ದಿನ ಮತ್ತು ಅದಕ್ಕೆ ಮುಂಚಿನ ಐದು ದಿನ. ವೀರ್ಯಾಣು ಒಳಗೆ ಐದು ದಿನದವರೆಗೆ ಬದುಕಬಲ್ಲದು, ಅಂಡಕ್ಕೆ ಒಂದೇ ದಿನದ ಆಯಸ್ಸು. ಆ ಆರು ದಿನ ಸೋಮವಾರದಿಂದ ಶನಿವಾರಕ್ಕೆ ಬಿದ್ದು, ಗಂಡ ಭಾನುವಾರ ಬಂದರೆ ಆ ತಿಂಗಳು ಹೋಯಿತು. ಹಾಗಾಗಿ ನಿಮ್ಮ ಹಾಳೆಯಲ್ಲಿ ಮೊದಲು ಬರೆಯಬೇಕಾದ್ದು ಒಟ್ಟಿಗೆ ಇದ್ದ ತಿಂಗಳುಗಳು.

ಎರಡನೆಯದು ಮುಟ್ಟಿನ ತಾರೀಖು. ಕಳೆದ ಆರು ತಿಂಗಳದ್ದಾದರೂ ಬೇಕು. ಇಲ್ಲೊಂದು ಎಡವಟ್ಟು ಮತ್ತೆ ಮತ್ತೆ ಆಗುತ್ತದೆ. ತಲೆಸ್ನಾನ ಮಾಡಿದ ದಿನದಿಂದ ಲೆಕ್ಕ ಇಡುವವರು ಈಗಲೂ ಇದ್ದಾರೆ. ನಮಗೆ ಮೊದಲನೇ ದಿನ ಎಂದರೆ ಸರಿಯಾಗಿ ರಕ್ತ ಹೋಗಲು ಶುರುವಾದ ದಿನ. ಹಿಂದಿನ ದಿನ ಸುಮ್ನೆ ಕಲೆ ಕಂಡಿದ್ದರೆ ಅದು ಲೆಕ್ಕಕ್ಕಿಲ್ಲ. ಮೂರು-ನಾಲ್ಕು ದಿನ ಹೆಚ್ಚುಕಮ್ಮಿಯಾದರೆ ಏನಾಗುತ್ತೆ ಎನ್ನಬೇಡಿ. ಅಂಡ ಬಿಡುಗಡೆಯಾಗಿದೆಯಾ ಎಂದು ನೋಡುವ ಪ್ರೊಜೆಸ್ಟರಾನ್ ಪರೀಕ್ಷೆಯನ್ನು ಮುಂದಿನ ಮುಟ್ಟಿಗೆ ಏಳು ದಿನ ಇರುವಾಗ ಮಾಡಬೇಕು. 28 ದಿನಕ್ಕೆ ಮುಟ್ಟಾಗುವವರಿಗೆ ಅದು 21ನೇ ದಿನ. 35 ದಿನಕ್ಕೆ ಆಗುವವರಿಗೆ 28ನೇ ದಿನ. ಎಲ್ಲರಿಗೂ 21ನೇ ದಿನವೇ ರಕ್ತ ತೆಗೆದು "ಅಂಡ ಬೆಳೀತಿಲ್ಲ" ಎಂದು ಬರೆದ ರಿಪೋರ್ಟುಗಳನ್ನು ಬೇಕಾದಷ್ಟು ನೋಡಿದ್ದೇನೆ.

ಮುಟ್ಟು ಮುಂದೂಡುವ ಮಾತ್ರೆಯನ್ನೂ ಬರೆಯಿರಿ. ವರಮಹಾಲಕ್ಷ್ಮಿ ಹಬ್ಬಕ್ಕೆ, ನಾದಿನಿ ಮದುವೆಗೆ, ಧರ್ಮಸ್ಥಳಕ್ಕೆ ಹೋಗುವುದಕ್ಕೆ ಎಂದು ಮೆಡಿಕಲ್ ಶಾಪಿನಿಂದ ತಂದು ನುಂಗಿರುತ್ತೀರಿ. ಅದನ್ನು ಯಾರೂ ಔಷಧಿ ಎಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆ ತಿಂಗಳ ತಾರೀಖು ನೋಡಿ ನಾನು ಮುಟ್ಟು ಏರುಪೇರು ಎಂದುಕೊಂಡರೆ ಚಿಕಿತ್ಸೆಯೇ ದಾರಿ ತಪ್ಪುತ್ತದೆ.

ಈಗ ಗಂಡಂದಿರ ವಿಷಯ. ಇದನ್ನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

"ಅವರಿಗೇನೂ ತೊಂದ್ರೆ ಇಲ್ಲ ಮೇಡಂ" ಎಂದು ಹೇಳುವುದು ಹೆಂಡತಿ, ಇಲ್ಲವೇ ಜೊತೆಗೆ ಬಂದ ಅತ್ತೆ. ಪರೀಕ್ಷೆ ಮಾಡಿಸಿದ್ದೀರಾ ಎಂದರೆ ಇಲ್ಲ. ಮಗುವಾಗದ ಜೋಡಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಡೆ ಗಂಡಿನ ಪಾಲೂ ಇರುತ್ತದೆ. ಸಂಭೋಗದಲ್ಲಿ ಯಾವ ತೊಂದರೆಯೂ ಇಲ್ಲದ ಗಂಡಸಿನ ವೀರ್ಯದಲ್ಲಿ ಒಂದೂ ವೀರ್ಯಾಣು ಇಲ್ಲದಿರಬಹುದು. ಕಣ್ಣಿಗೆ ನೋಡಿದರೆ ಗೊತ್ತಾಗುವುದಿಲ್ಲ. ವೀರ್ಯ ಪರೀಕ್ಷೆಗೆ ಸೂಜಿ ಇಲ್ಲ, ನೋವಿಲ್ಲ, ಖರ್ಚೂ ಕಡಿಮೆ. ಅದನ್ನು ಬಿಟ್ಟು ಹೆಂಡತಿಗೆ ಮೊದಲು ಟ್ಯೂಬ್ (ಗರ್ಭನಾಳ) ಪರೀಕ್ಷೆ, ಕೆಲವೊಮ್ಮೆ ಹೊಟ್ಟೆಗೆ ಸಣ್ಣ ತೂತು ಮಾಡಿ ಒಳಗೆ ನೋಡುವ ಲ್ಯಾಪ್ರೊಸ್ಕೋಪಿಯನ್ನೇ ಮಾಡಿಸಿ ಬಂದವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಆ ಜೋಡಿಯ ಮೇಲಲ್ಲ.

ಡಾಕ್ಟರನ್ನು ಕಾಣುವ ಮೊದಲು ನೀವಾಗಿಯೇ ಮಾಡಿಸಿಕೊಂಡು ಬರಬಹುದಾದ ಒಂದೇ ಪರೀಕ್ಷೆ ಇದ್ದರೆ ಅದು ಇದೇ. ಸಂಭೋಗ, ಹಸ್ತಮೈಥುನ ಎರಡನ್ನೂ ಕನಿಷ್ಠ 2 ದಿನ, ಹೆಚ್ಚೆಂದರೆ 7 ದಿನ ಬಿಟ್ಟಿರಬೇಕು. ಹೆಚ್ಚು ದಿನ ಬಿಟ್ಟರೆ ಹೆಚ್ಚು ಚೆನ್ನಾಗಿ ಬರುತ್ತದೆ ಎಂಬುದು ತಪ್ಪು. ಲ್ಯಾಬಿನಲ್ಲೇ ಕೊಟ್ಟರೆ ಒಳ್ಳೆಯದು. ಮನೆಯಲ್ಲಿ ತೆಗೆದರೆ ಒಂದು ಗಂಟೆಯೊಳಗೆ ತಲುಪಿಸಿ, ಡಬ್ಬಿಯನ್ನು ಅಂಗಿಯೊಳಗೆ ಮೈಗೆ ತಾಗುವಂತೆ ಇಟ್ಟುಕೊಂಡು ಹೋಗಿ. ಫ್ರಿಜ್ಜಿನಲ್ಲಿ ಇಡಬೇಡಿ. ಕಾಂಡೋಮ್, ಎಣ್ಣೆ, ಸೋಪು ಯಾವುದೂ ಬೇಡ. ಸ್ವಲ್ಪ ಚೆಲ್ಲಿಹೋದರೆ ನಾಚಿಕೊಳ್ಳದೆ ಹೇಳಿ. ಮೊದಲು ಬರುವ ಪಾಲಿನಲ್ಲೇ ವೀರ್ಯಾಣು ಹೆಚ್ಚಿರುತ್ತದೆ, ಅದೇ ಚೆಲ್ಲಿದ್ದರೆ ರಿಪೋರ್ಟ್ ಸುಳ್ಳು ಹೇಳುತ್ತದೆ.

ರಿಪೋರ್ಟ್ ಕೈಗೆ ಬಂದ ಮೇಲೆ ಎದೆ ಒಡೆದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು ಇದ್ದರೆ ಕೆಳಗಿನ ಮಿತಿ ಮುಟ್ಟಿದಂತೆ. ಸರಿಯಾದ ಆಕಾರದವು ಶೇ 4 ಇದ್ದರೂ ಸಾಕು. "ಶೇ 95 ಅಬ್‌ನಾರ್ಮಲ್ ಅಂತ ಬಂದಿದೆ" ಎಂದು ರಾತ್ರಿಯೆಲ್ಲಾ ನಿದ್ದೆಗೆಟ್ಟು ಬರುವವರಿದ್ದಾರೆ. ಅದು ಸರಿಯಾದ ರಿಪೋರ್ಟೇ! ಕಡಿಮೆ ಬಂದಿದ್ದರೂ ಒಂದೇ ರಿಪೋರ್ಟ್ ನೋಡಿ ತೀರ್ಮಾನ ಮಾಡುವುದಿಲ್ಲ, ಮತ್ತೊಮ್ಮೆ ಮಾಡಿಸುತ್ತೇವೆ. ವೀರ್ಯಾಣು ತಯಾರಾಗಿ ಹೊರಬರಲು ಎರಡೂವರೆಯಿಂದ ಮೂರು ತಿಂಗಳು ಬೇಕು. ಎರಡು ತಿಂಗಳ ಹಿಂದೆ ಡೆಂಗಿಯೋ ಟೈಫಾಯ್ಡೋ ಬಂದು ಜೋರು ಜ್ವರ ಕಾದಿದ್ದರೆ ಅದರ ಪರಿಣಾಮ ಈಗ ಕಾಣಬಹುದು.

ಜಿಮ್‌ನಲ್ಲಿ ಯಾರಾದರೂ ಇಂಜೆಕ್ಷನ್ ಕೊಟ್ಟಿದ್ದರೆ ಅದನ್ನು ಖಂಡಿತ ಹೇಳಬೇಕು. ಅಂಥ ಇಂಜೆಕ್ಷನ್‌ನಲ್ಲಿ ಗಂಡು ಹಾರ್ಮೋನ್ ಟೆಸ್ಟೊಸ್ಟೆರಾನ್ ಇರಬಹುದು, ಅದು ಹೊರಗಿನಿಂದ ಹೋದರೆ ದೇಹ ವೀರ್ಯಾಣು ತಯಾರಿಸುವುದನ್ನೇ ನಿಲ್ಲಿಸುತ್ತದೆ. ಶಕ್ತಿ ಬರಲಿ ಎಂದು ತೆಗೆದುಕೊಂಡದ್ದು ಉಲ್ಟಾ ಹೊಡೆಯುತ್ತದೆ. ವಯಸ್ಸಿಗೆ ಬಂದ ಮೇಲೆ ಮಂಗನಬಾವು ಬಂದು ವೃಷಣ ಊದಿಕೊಂಡಿದ್ದು, ಹರ್ನಿಯಾ ಆಪರೇಷನ್, ಸಿಗರೇಟು, ಗುಟ್ಕಾ ಎಲ್ಲವೂ ಹಾಳೆಯಲ್ಲಿ ಬರಲಿ.

ಇನ್ನು ಎಲ್ಲರೆದುರು ಹೇಳಲಾಗದ ಮಾತುಗಳು. ಮದುವೆಗೆ ಮುಂಚೆ ಗರ್ಭ ನಿಂತು ತೆಗೆಸಿದ್ದು. ಚಿಕ್ಕಂದಿನಲ್ಲಿ ಟಿಬಿ ಬಂದು ಆರು ತಿಂಗಳು ಮಾತ್ರೆ ತಿಂದದ್ದು, ಸಂಬಂಧ ತಪ್ಪಿಹೋದೀತೆಂದು ತವರಿನವರು ಮುಚ್ಚಿಟ್ಟದ್ದು. ಟಿಬಿ ಟ್ಯೂಬನ್ನೂ ಗರ್ಭಕೋಶದ ಒಳಪದರವನ್ನೂ ಹಾಳು ಮಾಡಬಲ್ಲದು, ನಮ್ಮ ದೇಶದಲ್ಲಿ ಇದು ಅಪರೂಪದ ಕಾರಣವಲ್ಲ. ಮನಸ್ಸಿನ ಕಾಯಿಲೆಗೆ ತೆಗೆದುಕೊಳ್ಳುವ ಮಾತ್ರೆಗಳನ್ನೂ ಮುಚ್ಚಿಡುತ್ತಾರೆ. ಅವುಗಳಲ್ಲಿ ಕೆಲವು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಏರಿಸಿ ಮುಟ್ಟನ್ನೇ ನಿಲ್ಲಿಸುತ್ತವೆ. ಹಾಗಂತ ನೀವಾಗಿ ನಿಲ್ಲಿಸಬೇಡಿ, ಹೇಳಿ ಅಷ್ಟೇ. ಮದುವೆಯಾಗಿ ಎರಡು ವರ್ಷವಾದರೂ ಸಂಭೋಗವೇ ಸರಿಯಾಗಿ ಆಗದ ಜೋಡಿಗಳೂ ಬರುತ್ತಾರೆ. ಹೆಂಡತಿಗೆ ನೋವು, ಭಯ. ಗಂಡನಿಗೆ ಏನು ಮಾಡಬೇಕೋ ತೋಚದು. ಹಾರ್ಮೋನ್ ಪರೀಕ್ಷೆಯೆಲ್ಲಾ ಮುಗಿದು ಎಲ್ಲವೂ ನಾರ್ಮಲ್ ಎಂದಿರುತ್ತದೆ. ಇದಕ್ಕೆ ಚಿಕಿತ್ಸೆ ಇದೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಯಾರಾದರೂ ಬಾಯಿ ಬಿಡಬೇಕಲ್ವಾ?

ಹೇಳಲು ಕಷ್ಟವಾದರೆ "ಐದು ನಿಮಿಷ ಒಬ್ಬಳೇ ಮಾತಾಡಬೇಕು" ಎಂದು ಚೀಟಿಯಲ್ಲಿ ಬರೆದು ನರ್ಸ್ ಕೈಗೆ ಕೊಡಿ. ಪರೀಕ್ಷೆ ಮಾಡುವ ನೆಪದಲ್ಲಿ ಉಳಿದವರನ್ನು ಹೊರಗೆ ಕೂರಿಸುವುದು ನಮಗೆ ಗೊತ್ತು. ಹೇಳಿದ್ದು ನಮ್ಮಲ್ಲೇ ಉಳಿಯುತ್ತದೆ. ಅತ್ತೆಯನ್ನು ಕರೆತರಬೇಡಿ ಎನ್ನುತ್ತಿಲ್ಲ. ಎಷ್ಟೋ ಅತ್ತೆಯರು ಸೊಸೆಯ ಜೊತೆ ಗಟ್ಟಿಯಾಗಿ ನಿಲ್ಲುತ್ತಾರೆ. ಒಳಗೆ ಮಾತಾಡುವಾಗ ಮಾತ್ರ ಗಂಡ-ಹೆಂಡತಿ ಇಬ್ಬರೇ ಸಾಕು.

ಸಂಬಂಧದಲ್ಲೇ ಮದುವೆಯಾ, ಸೋದರಮಾವನಾ, ಅತ್ತೆ ಮಗನಾ ಎಂದು ಕೇಳುವುದು ಬೈಯಲು ಅಲ್ಲ. ಮನೆತನದಲ್ಲಿ ಸಾಗಿ ಬಂದ ಕಾಯಿಲೆ ಇದೆಯಾ ಎಂದು ತಿಳಿಯಲು. ನಿಮ್ಮ ಅಮ್ಮನಿಗೆ, ಅಕ್ಕನಿಗೆ ಮುಟ್ಟು ಯಾವ ವಯಸ್ಸಿಗೆ ನಿಂತಿತು ಎಂದೂ ವಿಚಾರಿಸಿಕೊಂಡು ಬನ್ನಿ. ನಲವತ್ತಕ್ಕೆ ಮುಂಚೆಯೇ ನಿಂತಿದ್ದರೆ ನಾವು ಕಾಯುತ್ತಾ ಕೂರುವುದಿಲ್ಲ.

ಹಳೆಯ ಕಾಗದಗಳಲ್ಲಿ ಆಪರೇಷನ್ನಿನ ಡಿಸ್ಚಾರ್ಜ್ ಸಮ್ಮರಿ, ಟ್ಯೂಬ್ ಪರೀಕ್ಷೆಯ ಎಕ್ಸ್‌ರೇ ಫಿಲಂ ತರಲೇಬೇಕು. ಬರೀ ರಿಪೋರ್ಟಲ್ಲ, ಫಿಲಂ. ಅಂಡ ಬೆಳೆಯಲು ಕೊಟ್ಟ ಮಾತ್ರೆಗಳ ಖಾಲಿ ಸ್ಟ್ರಿಪ್ ಇದ್ದರೆ ಅದೂ ಬರಲಿ, ಎಷ್ಟು ತಿಂಗಳು ತಿಂದಿರಿ ಎಂಬ ಲೆಕ್ಕವೂ. ನಾಟಿ ಔಷಧಿಯ ಪುಡಿ ಇದ್ದರೆ ಪೊಟ್ಟಣ ಸಮೇತ ತನ್ನಿ, ಯಾರೂ ನಗುವುದಿಲ್ಲ.

ಎಎಂಎಚ್ ಕಡಿಮೆ ಎಂದು ಅಳುತ್ತಾ ಬರುವವರಿಗೆ ಒಂದು ಮಾತು. ಅದು ಉಳಿದಿರುವ ಅಂಡಗಳ ಅಂದಾಜು ಹೇಳುತ್ತದೆ. ಐವಿಎಫ್ (ಅಂಡ, ವೀರ್ಯಾಣುಗಳನ್ನು ಲ್ಯಾಬಿನಲ್ಲಿ ಕೂಡಿಸುವ ಚಿಕಿತ್ಸೆ) ಇಂಜೆಕ್ಷನ್‌ಗೆ ಅಂಡಾಶಯ ಎಷ್ಟು ಸ್ಪಂದಿಸಬಹುದು ಎಂದು ಊಹಿಸಲು ಬೇಕು. ನಿಮಗೆ ತಾನಾಗಿ ಗರ್ಭ ನಿಲ್ಲುತ್ತದೋ ಇಲ್ಲವೋ ಎಂದು ಅದು ಹೇಳಲಾರದು.

ಭೇಟಿಯ ದಿನವೇ ಮುಟ್ಟಾದರೆ ಅಪಾಯಿಂಟ್‌ಮೆಂಟ್ ಮುಂದಕ್ಕೆ ಹಾಕಬೇಡಿ. ಎರಡನೇ ಅಥವಾ ಮೂರನೇ ದಿನದ ರಕ್ತ ಪರೀಕ್ಷೆ, ಸ್ಕ್ಯಾನ್ ನಮಗೆ ಬೇಕಾದದ್ದೇ. ಸ್ಕ್ಯಾನನ್ನು ಸಾಮಾನ್ಯವಾಗಿ ಯೋನಿಯ ಮೂಲಕ ಮಾಡುತ್ತಾರೆ, ಮೂತ್ರ ಮಾಡಿ ಬರಬೇಕು. ಬೇಡ ಎನಿಸಿದರೆ ಇವತ್ತು ಬೇಡ ಎನ್ನಿ.

ಕೊನೆಗೆ ನೀವು ಕೇಳಬೇಕಾದ್ದು: ಈ ಪರೀಕ್ಷೆ ಮಾಡಿಸಿದರೆ ಚಿಕಿತ್ಸೆ ಬದಲಾಗುತ್ತದಾ? ಈ ಮಾತ್ರೆ ಎಷ್ಟು ತಿಂಗಳು, ಆಮೇಲೆ ಏನು? ಮೊದಲ ದಿನವೇ ಐವಿಎಫ್‌ಗೆ ಅಡ್ವಾನ್ಸ್ ಕಟ್ಟಿ ಎಂದರೆ ಕಟ್ಟಬೇಡಿ, ಕಾರಣ ಕೇಳಿ ಮನೆಗೆ ಹೋಗಿ ಯೋಚಿಸಿ. ಐವಿಎಫ್ ಮಾಡುವ ಕ್ಲಿನಿಕ್ 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆಯಡಿ ನೋಂದಣಿಯಾಗಿರಬೇಕು. ಪ್ರಮಾಣಪತ್ರ ತೋರಿಸಿ ಎಂದು ಕೇಳುವುದು ನಿಮ್ಮ ಹಕ್ಕು.

ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ ಈಗಲೇ ಶುರು ಮಾಡಬಹುದು. ಸಕ್ಕರೆ ಕಾಯಿಲೆ ಇದ್ದರೆ ಅಥವಾ ಮೂರ್ಛೆ ರೋಗಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಪ್ರಮಾಣ ಬೇರೆ, ಕೇಳಿ. ರುಬೆಲ್ಲಾ ಲಸಿಕೆ ಬಗ್ಗೆಯೂ ಮೊದಲ ದಿನವೇ ಕೇಳಿಬಿಡಿ. ಲಸಿಕೆ ಹಾಕಿಸಿದರೆ ಒಂದು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು.

ಎರಡನೇ ಭೇಟಿಗೂ ಇಬ್ಬರೂ ಬನ್ನಿ. ಗಂಡನ ರಿಪೋರ್ಟನ್ನು ಹೆಂಡತಿ ಒಬ್ಬಳೇ ಬ್ಯಾಗಿನಲ್ಲಿ ಹಾಕಿಕೊಂಡು ಬಂದರೆ ನಾನು ಅದನ್ನು ತೆರೆಯುವುದೇ ಇಲ್ಲ. ಫೋನ್ ಮಾಡಿಸಿ, ಅವರಿಗೆ ಯಾವತ್ತು ರಜೆ ಎಂದು ಕೇಳಿ, ಆ ದಿನಕ್ಕೆ ಬರೆಸುತ್ತೇನೆ.