ಭೋಪಾಲದ ಪರಿಹಾರ: ಮೊತ್ತಕ್ಕಿಂತ ಮೊದಲು ಪಟ್ಟಿ ನೋಡಿ

ಟಾರ್ಟ್ (ಇನ್ನೊಬ್ಬರಿಗೆ ಮಾಡಿದ ಹಾನಿಗೆ ಪರಿಹಾರ ಕೊಡಿಸುವ ಕಾನೂನು) ಮತ್ತು ಪರಿಸರ ಕಾನೂನಿನ ಪೇಪರಿಗೆ ಓದುತ್ತಿರುವ ಕಾರವಾರ, ಅಂಕೋಲಾ, ಶಿರಸಿ ಕಡೆಯ ಗೆಳೆಯರಿಗಾಗಿ ಈ ಟಿಪ್ಪಣಿ. ಗೈಡುಗಳಲ್ಲಿ ಭೋಪಾಲಕ್ಕೆ ಎರಡು ಪ್ಯಾರಾ ಇರುತ್ತದೆ. ತೀರ್ಪಿನ ಹೆಸರು, ವರ್ಷ, ‘ಸಂಪೂರ್ಣ ಹೊಣೆ’ ಅನ್ನುವ ಮಾತು, ಅಷ್ಟೇ. ಹೊಣೆ ಯಾರದು ಅನ್ನುವುದು ಮುಖ್ಯವೇ. ಆದರೆ ಸಂತ್ರಸ್ತರ ಕೈಗೆ ಎಷ್ಟು ಬಂತು ಎನ್ನುವುದು ಬೇರೆ ಪ್ರಶ್ನೆಯ ಮೇಲೆ ನಿಂತಿತ್ತು. ಯಾರಿಗೆ ಯಾವ ಪೆಟ್ಟಾಗಿದೆ ಎಂದು ಪಟ್ಟಿ ಮಾಡಿದವರು ಯಾರು, ಯಾವಾಗ ಮಾಡಿದರು?

ಮೊದಲು ಘಟನೆ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡಿನ ಭೋಪಾಲ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಎಂಬ ವಿಷಾನಿಲ ಸೋರಿತು. 1985ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿ, ಎಲ್ಲ ಸಂತ್ರಸ್ತರ ಪರವಾಗಿ ದಾವೆ ಹೂಡುವ ಹಕ್ಕನ್ನು ಕೇಂದ್ರ ಸರ್ಕಾರಕ್ಕೇ ಕೊಟ್ಟಿತು. ಸರ್ಕಾರ ಅಮೆರಿಕದ ಕೋರ್ಟಿಗೆ ಹೋಯಿತು. 1986ರ ಮೇನಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಕೀನನ್, ಇದು ಭಾರತದಲ್ಲೇ ನಡೆಯಬೇಕಾದ ಕೇಸು ಎಂದು ವಾಪಸ್ ಕಳಿಸಿದರು. ಆಮೇಲೆ ಭೋಪಾಲದ ಜಿಲ್ಲಾ ಕೋರ್ಟಿನಲ್ಲಿ ದಾವೆ ಬಿತ್ತು. ಸರ್ಕಾರ ಕೇಳಿದ್ದು 330 ಕೋಟಿ ಡಾಲರ್. 1989ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ರಾಜಿಯಾದದ್ದು 47 ಕೋಟಿ ಡಾಲರಿಗೆ. ಏಳನೇ ಒಂದು ಭಾಗ!

ಪರೀಕ್ಷೆಯಲ್ಲಿ ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ. ನಿಜವಾದ ತೊಡಕು ಶುರುವಾಗುವುದೇ ಇಲ್ಲಿಂದ. ಈ ಮೊತ್ತ ಹೇಗೆ ಬಂತು ಎಂದು ಕೋರ್ಟು 1989ರ ಮೇ 4ರ ಆದೇಶದಲ್ಲಿ ವಿವರಿಸಿತು. ಸುಮಾರು 3,000 ಸಾವು, 30,000 ಜನರಿಗೆ ಶಾಶ್ವತ ಊನ, 20,000 ಜನರಿಗೆ ತಾತ್ಕಾಲಿಕ ಊನ ಅನ್ನುವ ಅಂದಾಜು ಅದರ ಹಿಂದಿತ್ತು. ಕ್ಲೇಮುಗಳ ವಿಚಾರಣೆ ಮುಗಿಯುವ ಹೊತ್ತಿಗೆ ಪರಿಹಾರ ಸಿಕ್ಕ ಸಾವಿನ ಪ್ರಕರಣಗಳೇ 5,295. ಎಲ್ಲ ಸೇರಿ ಹಣ ಪಡೆದವರು 5.7 ಲಕ್ಷಕ್ಕೂ ಜಾಸ್ತಿ. 47 ಕೋಟಿಯನ್ನು ಇಷ್ಟು ಜನರಿಗೆ ಹಂಚಿ ನೋಡಿ, ತಲೆಗೆ 820 ಡಾಲರ್ ಆಸುಪಾಸು ಬರುತ್ತದೆ. ಮೊತ್ತ ಮೊದಲು ಗಟ್ಟಿಯಾಯಿತು, ತಲೆ ಎಣಿಸಿದ್ದು ಆಮೇಲೆ. ಪೆಟ್ಟು ತಿಂದವರಲ್ಲಿ ಬಹುಪಾಲು ಜನರಿಗೆ ಮೊದಲು ಸಿಕ್ಕಿದ್ದು 25,000 ರೂಪಾಯಿ. ಗ್ಯಾಸು ಕುಡಿದ ಶ್ವಾಸಕೋಶ ವರ್ಷಗಟ್ಟಲೆ ತೊಂದರೆ ಕೊಡುತ್ತದೆ. ಫೈಲಿನಲ್ಲಿ ಮಾತ್ರ ‘ತಾತ್ಕಾಲಿಕ’ ಅಂತ ಒಮ್ಮೆ ಬಿದ್ದರೆ ಮುಗಿಯಿತು, ಅಲ್ವಾ?

ಒಂದು ವಿಚಿತ್ರ ಸಂಗತಿಯನ್ನೂ ಗಮನಿಸಿ. ಹಂಚಿಕೆ ತಡವಾಯಿತು. ಅಷ್ಟರಲ್ಲಿ ಬಡ್ಡಿ ಸೇರಿತು, ಡಾಲರಿನ ಬೆಲೆಯೂ ಏರಿತು. ಹಾಗಾಗಿ 2004ರಲ್ಲಿ ಇನ್ನೂ ಸುಮಾರು 1,503 ಕೋಟಿ ರೂಪಾಯಿ ಉಳಿದಿತ್ತು. ಅದನ್ನೂ ಸಂತ್ರಸ್ತರಿಗೇ ಹಂಚಿ ಎಂದು ಸುಪ್ರೀಂ ಕೋರ್ಟು ಹೇಳಿತು. ಇದನ್ನು ಕೋರ್ಟಿನ ಉದಾರತೆ ಎಂದು ಬರೆಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕಾಯಿಸಿದ್ದರಿಂದ ಬೆಳೆದ ಹಣ ಅದು.

1991ರ ಮರುಪರಿಶೀಲನೆಯಲ್ಲಿ ರಾಜಿ ಉಳಿಯಿತು, ಕ್ರಿಮಿನಲ್ ಕೇಸುಗಳಿಗೆ ಮತ್ತೆ ಜೀವ ಬಂತು. ಹಣ ಸಾಲದಿದ್ದರೆ ಸರ್ಕಾರ ತುಂಬಿಕೊಡಬೇಕು, ಮುಂದೆ ಕಾಯಿಲೆ ಬೀಳಬಹುದಾದವರಿಗೆ ವಿಮೆ ಮಾಡಿಸಬೇಕು ಎಂದೂ ಕೋರ್ಟು ಹೇಳಿತ್ತು. 2010ರಲ್ಲಿ ಸರ್ಕಾರ ಹೆಚ್ಚಿನ ಹಣ ಕೇಳಿ ಕ್ಯುರೇಟಿವ್ ಅರ್ಜಿ (ಮರುಪರಿಶೀಲನೆಯೂ ಮುಗಿದ ಮೇಲೆ ಉಳಿಯುವ ಕೊನೆಯ ಅರ್ಜಿ) ಹಾಕಿತು. 2023ರ ಮಾರ್ಚ್ 14ರಂದು ಐವರ ಪೀಠ ಅದನ್ನು ತಳ್ಳಿಹಾಕಿತು. ವಿಮೆ ಮಾಡಿಸದೆ ಬಿಟ್ಟ ಸರ್ಕಾರವನ್ನೇ ಪೀಠ ಆಕ್ಷೇಪಿಸಿತು.

ಇನ್ನು ಹೊಣೆಯ ವಿಷಯ, ಚಿಕ್ಕದಾಗಿ. ಅಪಾಯದ ವಸ್ತು ಇಟ್ಟುಕೊಂಡವರು ಅದು ಹೊರಬಿದ್ದು ಆದ ಹಾನಿಗೆ ಹೊಣೆ ಎನ್ನುವ 1868ರ ಇಂಗ್ಲೆಂಡಿನ ರೈಲ್ಯಾಂಡ್ಸ್ ವಿರುದ್ಧ ಫ್ಲೆಚರ್ ನಿಯಮದಲ್ಲಿ ತಪ್ಪಿಸಿಕೊಳ್ಳಲು ದಾರಿಗಳಿದ್ದವು: ದೈವದ ಆಟ, ಮೂರನೆಯವರ ಕೈವಾಡ, ಹೀಗೆ. ಕಾರ್ಬೈಡ್ ಕಂಪನಿ ಕೂಡ ಇದು ಯಾರೋ ಬೇಕಂತಲೇ ಮಾಡಿದ್ದು ಎಂದು ವಾದಿಸಿತ್ತು. 1985ರ ಡಿಸೆಂಬರ್ 4ರಂದು ದಿಲ್ಲಿಯ ಶ್ರೀರಾಮ್ ಕಾರ್ಖಾನೆಯಲ್ಲಿ ಓಲಿಯಂ ಎಂಬ ತೀಕ್ಷ್ಣ ಆಮ್ಲದ ಅನಿಲ ಸೋರಿತು. ಮರುವರ್ಷ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ನ್ಯಾಯಮೂರ್ತಿ ಭಗವತಿಯವರ ಪೀಠ ಆ ದಾರಿಗಳನ್ನೆಲ್ಲ ಮುಚ್ಚಿತು. ಅಪಾಯದ ಉದ್ಯಮ ನಡೆಸುವವರು ಯಾವ ನೆಪವೂ ಇಲ್ಲದೆ ಹೊಣೆ ಹೊರಬೇಕು, ಇದೇ ‘ಸಂಪೂರ್ಣ ಹೊಣೆ’. ಕಂಪನಿ ಎಷ್ಟು ದೊಡ್ಡದೋ ಪರಿಹಾರವೂ ಅಷ್ಟು ದೊಡ್ಡದಿರಬೇಕು. ಈ ಮಾತು ಬರೀ ಪ್ರಾಸಂಗಿಕ, ಮುಂದಿನ ಕೇಸುಗಳನ್ನು ಕಟ್ಟಿಹಾಕುವುದಿಲ್ಲ ಅನ್ನುವ ತಕರಾರು ಎದ್ದಿತ್ತು. 1996ರಲ್ಲಿ ರಾಜಸ್ಥಾನದ ಬಿಚ್ಛ್ರಿ ಗ್ರಾಮದ ಮಾಲಿನ್ಯದ ಬಗ್ಗೆ ಸುಪ್ರೀಂ ಕೋರ್ಟು ಕೊಟ್ಟ ಬಿಚ್ಛ್ರಿ ತೀರ್ಪು ಅದನ್ನು ನಿಯಮವಾಗಿ ಒಪ್ಪಿತು. ಉತ್ತರದಲ್ಲಿ ಬಿಚ್ಛ್ರಿ ಬರೆಯದಿದ್ದರೆ ಅಂಕ ಹೋಗುತ್ತದೆ.

ನಮ್ಮ ಜಿಲ್ಲೆಗೆ ಬನ್ನಿ. ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆ ಇದೆ. ಕಾಸ್ಟಿಕ್ ಸೋಡಾ ಮಾಡುವಾಗ ಜೊತೆಗೆ ಕ್ಲೋರಿನ್ ಎಂಬ ವಿಷಾನಿಲವೂ ಬರುತ್ತದೆ. ಕೈಗಾದಲ್ಲಿ ಅಣು ಸ್ಥಾವರ ಇದೆ. ಅಣು ಅವಘಡಕ್ಕೆ ಮೆಹ್ತಾ ನಿಯಮ ಹಾಗೇ ಹೊಂದುವುದಿಲ್ಲ. 2010ರ ಅಣು ಹೊಣೆ ಕಾಯ್ದೆ ನಿರ್ವಾಹಕರಿಗೆ ತಪ್ಪಿಲ್ಲದಿದ್ದರೂ ಹೊಣೆ ಹೊರಿಸಿತು, ಜೊತೆಗೆ 1,500 ಕೋಟಿ ರೂಪಾಯಿಯ ಮೇಲ್ಮಿತಿಯನ್ನೂ ಹಾಕಿತು.

ಹೆದ್ದಾರಿ 66ರಲ್ಲಿ ಹಗಲೂ ರಾತ್ರಿ ಗ್ಯಾಸ್ ಟ್ಯಾಂಕರುಗಳು ಓಡುತ್ತವೆ. ಟ್ಯಾಂಕರ್ ಮಗುಚಿ ಬೆಂಕಿ ಹೊತ್ತಿದರೆ ಎಲ್ಲಿಗೆ ಹೋಗಬೇಕು? ಇದಕ್ಕೆ 1991ರ ಶಿವಾಜಿ ದಯಾನು ಪಾಟೀಲ್ ತೀರ್ಪು ಓದಿ. ಪುಣೆ–ಬೆಂಗಳೂರು ರಸ್ತೆಯಲ್ಲಿ ಪೆಟ್ರೋಲ್ ಟ್ಯಾಂಕರ್ ಉರುಳಿ ಸುಮಾರು ನಾಲ್ಕು ಗಂಟೆ ಬಿಟ್ಟು ಸಿಡಿದಿತ್ತು. ಉರುಳಿ ನಿಂತ ಟ್ಯಾಂಕರು ವಾಹನದ ‘ಬಳಕೆ’ ಅಲ್ಲ, ಹಾಗಾಗಿ ಇದು ಮೋಟಾರು ಅಪಘಾತವಲ್ಲ ಎಂದು ಎದುರು ಪಕ್ಷದವರು ವಾದಿಸಿದರು. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಹಾಗಾಗಿ ಮೋಟಾರು ಅಪಘಾತ ನ್ಯಾಯಮಂಡಳಿಯ ಬಾಗಿಲು ತೆರೆದಿರುತ್ತದೆ. ನಮ್ಮವರಿಗೆ ಅದೇ ಹತ್ತಿರದ ದಾರಿ.

ಸಮುದ್ರದ ಕಡೆ ಲೆಕ್ಕ ಇನ್ನೂ ಕಷ್ಟ. 2006ರ ಮೇ 30ರಂದು ಓಷನ್ ಸೆರಾಯಾ ಎಂಬ ಹಡಗು ಕಾರವಾರದ ಹತ್ತಿರ ಸಿಕ್ಕಿಹಾಕಿಕೊಂಡು ಎಣ್ಣೆ ಸೋರಿತು. ನಮ್ಮ ದಂಡೆಗೂ ಗೋವೆಯ ದಂಡೆಗೂ ಎಣ್ಣೆ ಬಂತು. ಇಂಥ ಹೊತ್ತಿನಲ್ಲಿ ಯಾಂತ್ರಿಕ ದೋಣಿಯವರ ಹತ್ತಿರ ನೋಂದಣಿ, ಡೀಸೆಲ್ ಲೆಕ್ಕ, ಹರಾಜಿನ ಚೀಟಿ ಇರುತ್ತದೆ. ರಂಪಣಿ ಬಲೆ ಎಳೆಯುವವರ ಪಾಲು ಬಾಯಿಮಾತಿನಲ್ಲೇ ಹಂಚಿಹೋಗುತ್ತದೆ. ಕಾಳಿ, ಅಘನಾಶಿನಿ ಅಳಿವೆಗಳಲ್ಲಿ ಬಳಚು ಆರಿಸುವವರಿಗೆ, ಬುಟ್ಟಿ ಹೊತ್ತು ಮೀನು ಮಾರುವವರಿಗೆ ಬಿಲ್ಲು ಕೊಡುವವರು ಯಾರು? ನಷ್ಟ ಇವರಿಗೇ ಜಾಸ್ತಿ, ದಾಖಲೆ ಇವರದ್ದೇ ಕಡಿಮೆ. ಭೋಪಾಲದ ಹಳೆ ಪೇಟೆಯ ದಿನಗೂಲಿಗಳಿಗೂ ಇದೇ ಗತಿ.

ಈಗ ಒಂದು ಲೆಕ್ಕ ಬಿಡಿಸೋಣ. ಪ್ರಸಂಗ ಕಲ್ಪಿತ. ತದಡಿ ಬಂದರಿನ ಐಸ್ ಪ್ಲಾಂಟಿನಲ್ಲಿ ಅಮೋನಿಯಾ ಸೋರಿತು. 30 ವರ್ಷದ ಕೆಲಸಗಾರ ತೀರಿಕೊಂಡ. ಪಕ್ಕದ ಮನೆಯವರೊಬ್ಬರು ಆಸ್ಪತ್ರೆ ಸೇರಿದರು. ಮೀನು ಮಾರುವ ಹೆಂಗಸೊಬ್ಬರು ಕೆಮ್ಮಿ ಕೆಮ್ಮಿ ಕೆಲವು ವಾರ ವ್ಯಾಪಾರಕ್ಕೆ ಹೋಗಲಿಲ್ಲ.

ಕೆಲಸಗಾರನದು ಸುಲಭ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯಿಂದ ಬಂದ ಸೂತ್ರ: ತಿಂಗಳ ಸಂಬಳದ ಅರ್ಧಕ್ಕೆ ವಯಸ್ಸಿನ ಗುಣಕ. 2020ರಲ್ಲಿ ನಿಗದಿಯಾದ 15,000 ರೂಪಾಯಿ ಮಿತಿ ಹಿಡಿದರೆ 7,500 × 207.98, ಅಂದರೆ 15,59,850 ರೂಪಾಯಿ. ಹಾಜರಿ ಪುಸ್ತಕದಲ್ಲಿ ಅವನ ಹೆಸರೇ ಇಲ್ಲದಿದ್ದರೆ ಮಾತ್ರ ಗುದ್ದಾಟ.

ಪಕ್ಕದ ಮನೆಯವರ ವಿಷಯಕ್ಕೆ ಬಹಳ ಜನ ಸೀದಾ 1991ರ ಸಾರ್ವಜನಿಕ ಹೊಣೆ ವಿಮೆ ಕಾಯ್ದೆ ಬರೆದುಬಿಡುತ್ತಾರೆ. ಆ ಕಾಯ್ದೆಯಲ್ಲಿ ಡಿಸಿಗೆ ಅರ್ಜಿ ಕೊಟ್ಟರೆ ತಪ್ಪು ಸಾಬೀತು ಮಾಡದೆ ತುರ್ತು ಹಣ ಸಿಗುತ್ತದೆ, ನಿಜ. ಆದರೆ ಮೂಲ ಕಾಯ್ದೆಯಲ್ಲಿ ಸಾವಿಗೇ 25,000 ರೂಪಾಯಿ ಇತ್ತು. ಅದೂ ಅಲ್ಲದೆ, ಅಪಾಯಕಾರಿ ವಸ್ತು ನಿಗದಿತ ಪ್ರಮಾಣ ಮೀರಿರಬೇಕು. ಸಣ್ಣ ಐಸ್ ಪ್ಲಾಂಟಿನ ಅಮೋನಿಯಾ ಅಷ್ಟಿರುತ್ತದೋ ಎಂದು ಮೊದಲು ನೋಡಿ. ಪೂರ್ತಿ ಪರಿಹಾರಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ (ಪರಿಸರದ ಕೇಸುಗಳ ನ್ಯಾಯಮಂಡಳಿ) ಕಾಯ್ದೆಯ 15ನೇ ಕಲಂ ಇದೆ. ನಮಗೆ ಅದರ ದಕ್ಷಿಣ ಪೀಠ ಚೆನ್ನೈನಲ್ಲಿ. ಗಡುವು 5 ವರ್ಷ. ಪರಿಸರದ ವಿವಾದಗಳಿಗಿರುವ 14ನೇ ಕಲಮಿನ 6 ತಿಂಗಳ ಜೊತೆ ಕಲಸಿಕೊಳ್ಳಬೇಡಿ.

ಮೀನು ಮಾರುವವರದು ಕಷ್ಟದ ಭಾಗ. ವ್ಯಾಪಾರ, ಉದ್ಯೋಗದ ನಷ್ಟವನ್ನೂ ಹಸಿರು ನ್ಯಾಯಮಂಡಳಿ ಕಾಯ್ದೆಯ ಎರಡನೇ ಅನುಸೂಚಿ ಒಪ್ಪುತ್ತದೆ. ಹಾಗಾಗಿ ಹಕ್ಕು ಇದೆ. ಸಾಕ್ಷ್ಯ ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಅದೇ ದಿನದ ಹೊರರೋಗಿ ಚೀಟಿ, ಹರಾಜುದಾರರ ಹೇಳಿಕೆ, ಜೊತೆಗೆ ಮಾರುವವರ ಅಫಿಡವಿಟ್ಟು. ಚೀಟಿಯಲ್ಲಿ ಬರೀ ‘ಕೆಮ್ಮು’ ಎಂದಿದ್ದರೆ ಎದುರು ವಕೀಲರು ಅದನ್ನು ಮಳೆಗಾಲದ ಶೀತ ಅಂದುಬಿಡುತ್ತಾರೆ. ‘ಅಮೋನಿಯಾ ಉಸಿರಾಡಿದ ನಂತರ ಕೆಮ್ಮು’ ಎಂದು ಡಾಕ್ಟರ ಕೈಯಲ್ಲಿ ಅವತ್ತೇ ಬರೆಸಿಕೊಂಡಿದ್ದರೆ ಆ ವಾದ ನಿಲ್ಲುವುದು ಕಷ್ಟ.