ಹಳೇ ಸ್ಪೋರ್ಟ್ಸ್ ಕಾರಿಗೆ ಪವರ್ ಸ್ಟೀರಿಂಗ್: ಮೊದಲು ಗ್ರೀಸ್, ಆಮೇಲೆ ಮೋಟಾರ್

ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಒಂದು ವಯಸ್ಸು ದಾಟಿದ ಮೇಲೆ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಇದಕ್ಕೆ ಪವರ್ ಸ್ಟೀರಿಂಗ್ ಹಾಕಿಸಬಹುದಾ? ಬೆಳಗಾವಿಯ ಖಡೇಬಜಾರಿನಲ್ಲಿ ನಿಲ್ಲಿಸಿದ ಗಾಡಿಯನ್ನು ಹಿಂದೆ ಮುಂದೆ ಮಾಡಿ ಹೊರಗೆ ತೆಗೆಯುವಷ್ಟರಲ್ಲಿ ಭುಜ ಹಿಡಿದುಕೊಂಡಿರುತ್ತದೆ. ಉದ್ಯಮಬಾಗದ ನಮ್ಮ ವರ್ಕ್‌ಶಾಪಿಗೆ ಬರುವವರಿಗೆ ನಾನು ಹೇಳುವುದು ಇಷ್ಟೇ. ಹಾಕಿಸಬಹುದು. ಆದರೆ ಸ್ಟೀರಿಂಗ್ ಯಾಕೆ ಭಾರವಾಯಿತು ಅಂತ ಮೊದಲು ನೋಡೋಣ.

ಎಂಜಿ ಕಂಪನಿಯ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರನ್ನೇ ತೆಗೆದುಕೊಳ್ಳಿ. 1962ರಿಂದ 1980ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಗಾಡಿ, ತೂಕ ಒಂದು ಟನ್ನಿನ ಆಸುಪಾಸು. ಇಷ್ಟು ಹಗುರ ಗಾಡಿ ಓಡುವಾಗ ಕೈ ನೋಯಿಸಬಾರದು. ನೋಯಿಸಿದರೆ ಮಧ್ಯೆ ಯಾರೋ ಏನೋ ಬದಲಾಯಿಸಿದ್ದಾರೆ, ಇಲ್ಲವೇ ಯಾರೂ ಗ್ರೀಸ್ ಹೊಡೆದಿಲ್ಲ. ಹಿಂದೆ 155 ಅಥವಾ 165 ಮಿ.ಮೀ. ಅಗಲದ ರೇಡಿಯಲ್ ಟೈರ್ ಇದ್ದ ಕಡೆ ಈಗ 185 ಇರುತ್ತದೆ. ಹದಿನಾರು ಇಂಚಿನ ಸ್ಟೀರಿಂಗ್ ಚಕ್ರ ತೆಗೆದು ಅಂದಕ್ಕೆ ಹದಿಮೂರರದ್ದು ಹಾಕಿರುತ್ತಾರೆ. ಅಷ್ಟಕ್ಕೇ ಕೈಗೆ ಬೀಳುವ ಭಾರ ಹೆಚ್ಚುಕಡಿಮೆ ಕಾಲು ಪಾಲು ಜಾಸ್ತಿ ಆಯಿತು, ಅಲ್ವಾ?

ಇನ್ನು ಕಿಂಗ್‌ಪಿನ್. ಎಂಜಿಬಿಯಲ್ಲಿ ಮುಂದಿನ ಗಾಲಿ ಎಡಬಲಕ್ಕೆ ತಿರುಗುವುದು ಈ ಗೂಟದ ಮೇಲೆಯೇ, ಅದಕ್ಕೆ ಒಂದೊಂದು ಬದಿಗೆ ಮೂರು ಗ್ರೀಸ್ ನಿಪ್ಪಲ್ (ಗ್ರೀಸ್ ಹೊಡೆಯುವ ಬಾಯಿ) ಇವೆ. ಗಾಡಿಯನ್ನು ಜ್ಯಾಕ್ ಮೇಲೆ ಎತ್ತಿ, ಗಾಲಿಯ ಮೇಲಿನ ಭಾರ ಇಳಿಸಿ ಹೊಡೆದರೆ ಮಾತ್ರ ಗ್ರೀಸ್ ಒಳಗೆ ಸರಿಯಾಗಿ ಹರಡುತ್ತದೆ. ಸ್ಟೀರಿಂಗ್ ರ್‍ಯಾಕಿಗೆ (ಸ್ಟೀರಿಂಗಿನ ಸುತ್ತನ್ನು ಗಾಲಿಗೆ ದಾಟಿಸುವ ಹಲ್ಲಿನ ಸರಳು) ಬೇಕಾದದ್ದು ಗ್ರೀಸ್ ಅಲ್ಲ, ಇಪಿ 90 ಗೇರ್ ಆಯಿಲ್. ರ್‍ಯಾಕಿನ ತುಂಬ ಗಟ್ಟಿ ಗ್ರೀಸ್ ತುರುಕಿದ ಗಾಡಿಗಳು ಚಳಿಗಾಲದ ಬೆಳಿಗ್ಗೆ ತಿರುಗುವುದಕ್ಕೇ ಒಲ್ಲೆ ಅನ್ನುತ್ತವೆ. ಈ ಗಾಡಿಯ ಕ್ಯಾಸ್ಟರ್ ಕೋನ, ಅಂದರೆ ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕೋನ, ಸುಮಾರು ಏಳು ಡಿಗ್ರಿ. ಹೈವೇಯಲ್ಲಿ ನೇರ ಓಡಲು ಅದು ಒಳ್ಳೆಯದು, ನಿಂತಲ್ಲೇ ತಿರುಗಿಸಲು ಕಷ್ಟ. ಕ್ಯಾಸ್ಟರ್ ಸ್ವಲ್ಪ ಕಡಿಮೆ ಮಾಡಿದರೂ ಭಾರ ಇಳಿಯುತ್ತದೆ. ಇಷ್ಟು ಮಾಡಿಸಿದವರಲ್ಲಿ ಎಷ್ಟೋ ಜನ ಪವರ್ ಸ್ಟೀರಿಂಗ್ ಮಾತನ್ನೇ ಬಿಡುತ್ತಾರೆ. ನನಗೂ ಅದೇ ಖುಷಿ.

ಬಿಡದವರ ವಿಷಯಕ್ಕೆ ಬರೋಣ. ಬೆಳಗಾವಿಯಲ್ಲಿ ಹೈಡ್ರಾಲಿಕ್ಸ್ ದೊಡ್ಡ ಕಸುಬು. ಪಂಪು, ವಾಲ್ವು ಇಲ್ಲೇ ತಯಾರಾಗುತ್ತವೆ. ಅದಕ್ಕೇ ಇಲ್ಲಿನವರು ಮೊದಲು ಕೇಳುವುದು ಹೈಡ್ರಾಲಿಕ್, ಅಂದರೆ ಎಣ್ಣೆಯ ಒತ್ತಡದಿಂದ ನಡೆಯುವ ಪವರ್ ಸ್ಟೀರಿಂಗ್. 1951ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ಇಂಪೀರಿಯಲ್ ಕಾರಿನಲ್ಲಿ ಮಾರಾಟಕ್ಕೆ ತಂದದ್ದೂ ಹೈಡ್ರಾಲಿಕ್ಕೇ. ಆದರೆ ಹಳೇ ಗಾಡಿಗೆ ಅದನ್ನು ಕೂರಿಸಲು ರ್‍ಯಾಕ್ ಬದಲಾಗಬೇಕು, ಎಂಜಿನ್‌ಗೆ ಪಂಪ್ ಬ್ರ್ಯಾಕೆಟ್, ಇನ್ನೊಂದು ಪುಲ್ಲಿ, ಎಕ್ಸಾಸ್ಟ್ ಪಕ್ಕದಲ್ಲೇ ಹೈ ಪ್ರೆಶರ್ ಪೈಪು. ಆಮೇಲೆ ಮೂಲ ಸ್ಥಿತಿಗೆ ತರುವುದು ಸುಲಭವಲ್ಲ.

ಕೆಲವರು ಟ್ರ್ಯಾಕ್ಟರಿನ ಸ್ಟೀರಿಂಗ್ ಯೂನಿಟ್ ತಂದು ಇದನ್ನೇ ಹಾಕಿ ಅನ್ನುತ್ತಾರೆ. ದಯವಿಟ್ಟು ಬೇಡ. ಟ್ರ್ಯಾಕ್ಟರಿನ ಆ ಹೈಡ್ರೋಸ್ಟ್ಯಾಟಿಕ್ ಯೂನಿಟ್‌ನಲ್ಲಿ ಸ್ಟೀರಿಂಗ್ ಚಕ್ರಕ್ಕೂ ಮುಂದಿನ ಗಾಲಿಗೂ ನಡುವೆ ಕಬ್ಬಿಣದ ಕೊಂಡಿಯೇ ಇಲ್ಲ, ಇರುವುದು ಬರೀ ಎಣ್ಣೆ. ತಿರುವು ಮುಗಿದ ಮೇಲೆ ಚಕ್ರ ತಾನಾಗಿ ನೇರಕ್ಕೆ ಬರುವುದೂ ಇಲ್ಲ. ಹೊಲದಲ್ಲಿ ನಿಧಾನಕ್ಕೆ ಹೋಗುವ ಗಾಡಿಗೆ ಅದು ಸರಿ. ಚೋರ್ಲಾ ಘಾಟಿನಲ್ಲಿ ಇಳಿಯುವ ಕಾರಿನಲ್ಲಿ ಒಂದು ಪೈಪ್ ಒಡೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ನಾನು ಹೇಳುವುದು ಎಲೆಕ್ಟ್ರಿಕ್. 1988ರಲ್ಲಿ ಸುಜುಕಿ ತನ್ನ ಸರ್ವೋ ಎಂಬ ಪುಟ್ಟ ಕಾರಿಗೆ ತಂದ ಕಾಲಮ್ (ಸ್ಟೀರಿಂಗ್ ಚಕ್ರದ ಕೆಳಗಿನ ಕಂಬ) ಮಾದರಿಯದ್ದೇ. ಡ್ಯಾಶ್‌ಬೋರ್ಡ್ ಕೆಳಗೆ ಕಾಲಮ್‌ನಲ್ಲೇ ಮೋಟಾರ್ ಇರುತ್ತದೆ. ನೀವು ಎಷ್ಟು ಜೋರಾಗಿ ತಿರುಗಿಸುತ್ತಿದ್ದೀರಿ ಅಂತ ಒಂದು ಸೆನ್ಸರ್ ಅಳೆಯುತ್ತದೆ, ಅಷ್ಟಕ್ಕೆ ತಕ್ಕಂತೆ ಮೋಟಾರ್ ಕೈ ಜೋಡಿಸುತ್ತದೆ. ಕರೆಂಟ್ ಹೋದರೂ ಶಾಫ್ಟ್ ಹಾಗೇ ಇರುತ್ತದೆ, ಸ್ವಲ್ಪ ಭಾರವಾದರೂ ಗಾಡಿ ತಿರುಗುತ್ತದೆ. ಗಾಡಿಯ ರ್‍ಯಾಕ್ ಮುಟ್ಟಬೇಕಾಗಿಲ್ಲ, ಎಂಜಿನ್ ಮುಟ್ಟಬೇಕಾಗಿಲ್ಲ.

ಇಲ್ಲಿ ಜನ ಮರೆಯುವುದು ಕರೆಂಟಿನ ಲೆಕ್ಕ. ನಿಂತಲ್ಲೇ ಜೋರಾಗಿ ತಿರುಗಿಸಿದಾಗ ಇಂಥ ಮೋಟಾರ್ 30 ಆಂಪಿಯರ್ ದಾಟಿ ಎಳೆಯಬಲ್ಲದು. 1967ರವರೆಗಿನ ಎಂಜಿಬಿಗಳಲ್ಲಿ ಇದ್ದದ್ದು ಲೂಕಾಸ್ ಕಂಪನಿಯ ಡೈನಮೊ (ಎಂಜಿನ್ ಜೊತೆ ತಿರುಗಿ ಕರೆಂಟ್ ಹುಟ್ಟಿಸುವ ಯಂತ್ರ), ಕೊಡುವುದು 22 ಆಂಪಿಯರ್, ಅದೂ ಎಂಜಿನ್ ಓಡುವಾಗ. ಐಡಲ್‌ನಲ್ಲಿ ಏನೇನೂ ಇಲ್ಲ. ಸಾಲದ್ದಕ್ಕೆ ಆ ಗಾಡಿಗಳು ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪ್ಲಸ್ ತುದಿ ಗಾಡಿಯ ಬಾಡಿಗೆ ಸೇರಿರುತ್ತದೆ. ಸುಮ್ನೆ ವೈರ್ ಜೋಡಿಸಿದರೆ ಮೋಟಾರನ್ನು ನಡೆಸುವ ಕಂಟ್ರೋಲರ್ ಅಲ್ಲೇ ಸುಟ್ಟುಹೋಗುತ್ತದೆ. ಮೊದಲು ನೆಗೆಟಿವ್ ಅರ್ತ್, ಡೈನಮೊ ಬದಲು ಆಲ್ಟರ್ನೇಟರ್, ಬ್ಯಾಟರಿಯಿಂದ ಫ್ಯೂಸ್ ಸಮೇತ ಬೇರೆ ದಪ್ಪ ವೈರ್. ಟಾಪ್ ಸೋರುವ ಗಾಡಿಯಾದರೆ ಕಂಟ್ರೋಲರ್ ನೀರು ತಾಗದ ಕಡೆ ಇರಲಿ. ಬೆಳಗಾವಿಯ ಮಳೆ ಗೊತ್ತಲ್ಲ.

ಗುಜರಿಯಲ್ಲಿ ಸಿಗುವ ಸಣ್ಣ ಕಾರಿನ ಕಾಲಮ್ ಅಗ್ಗ. ಆದರೆ ಅದರ ಕಂಟ್ರೋಲರ್ ವೇಗದ ಸಿಗ್ನಲ್ ಕೇಳುತ್ತದೆ. ಅದು ಸಿಗದಿದ್ದರೆ ಕೆಲವು ಯೂನಿಟ್ ಕೆಲಸವನ್ನೇ ನಿಲ್ಲಿಸುತ್ತವೆ, ಕೆಲವು ಎಲ್ಲ ವೇಗಕ್ಕೂ ಒಂದೇ ಸಹಾಯ ಕೊಡುತ್ತವೆ. ಎರಡನೆಯದು ಹೆಚ್ಚು ಅಪಾಯ. ಗಲ್ಲಿಯಲ್ಲಿ ಹಿತವಾದ ಹಗುರತನ ಧಾರವಾಡದ ಹೈವೇಯಲ್ಲಿ 100 ಕಿ.ಮೀ. ವೇಗದಲ್ಲಿ ಗಾಡಿಯನ್ನು ಆಚೀಚೆ ಓಲಾಡಿಸುತ್ತದೆ. ವೇಗ ಏರಿದಂತೆ ಸಹಾಯ ತಗ್ಗಲೇಬೇಕು. ಅದಕ್ಕೆ ಸ್ಪೀಡ್ ಸೆನ್ಸರ್ ಹಾಕಿಸಿ.

ಶಾಫ್ಟ್ ಕತ್ತರಿಸಿ ವೆಲ್ಡಿಂಗ್ ಮಾಡುವ ಮಿಸ್ತ್ರಿ ಎಷ್ಟೇ ಪಳಗಿದವನಾದರೂ ನಾನು ಒಪ್ಪುವುದಿಲ್ಲ. ಸ್ಪ್ಲೈನ್ (ಒಂದಕ್ಕೊಂದು ಕಚ್ಚಿಕೊಳ್ಳುವ ಹಲ್ಲು) ಇರುವ ಜಾಯಿಂಟ್, ಲಾಕಿಂಗ್ ಬೋಲ್ಟ್ ಬೇಕು. ಎರಡು ಯೂನಿವರ್ಸಲ್ ಜಾಯಿಂಟ್ ಇದ್ದರೆ ಅವುಗಳ ಯೋಕ್ (ಕವೆಯಂಥ ತುದಿ) ಒಂದೇ ಸಾಲಿಗೆ ಇರಬೇಕು. ಇಲ್ಲದಿದ್ದರೆ ಒಂದೇ ಸುತ್ತಿನಲ್ಲಿ ಒಮ್ಮೆ ಹಗುರ, ಒಮ್ಮೆ ಬಿಗಿ. ಅಪಘಾತದಲ್ಲಿ ಕುಗ್ಗುವ ಕಾಲಮ್ ಇರುವ ಗಾಡಿಯಾದರೆ ಹೊಸದೂ ಕುಗ್ಗುವಂಥದ್ದೇ ಆಗಬೇಕು.

ಐವತ್ತು ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸುವವರು ತೆಗೆದ ಕಾಲಮ್ ಜೋಪಾನವಾಗಿ ಇಟ್ಟುಕೊಳ್ಳಿ. ಗಾಡಿ ಮೂಲ ರೂಪದಲ್ಲಿ ಇರಬೇಕೆಂದು ಆ ನಿಯಮ ಕೇಳುತ್ತದೆ. ಕೆಲಸ ಶುರುವಾಗುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೂ ಬರೆದು ತಿಳಿಸಿ.

ಕೆಲಸ ಮುಗಿದ ಮೇಲೆ ಖಾಲಿ ಮೈದಾನದಲ್ಲಿ ನಿಧಾನಕ್ಕೆ ಓಡಿಸಿ, ತಿರುವಿನಲ್ಲಿ ಕೈ ಸಡಿಲಿಸಿ ನೋಡಿ. ಚಕ್ರ ತಾನಾಗಿ ನೇರಕ್ಕೆ ಬರಬೇಕು. ಬಾರದಿದ್ದರೆ ಸಹಾಯ ಕಡಿಮೆ ಮಾಡಿಸಿ, ಕ್ಯಾಸ್ಟರ್ ಮತ್ತೆ ಅಳೆಸಿ. ಆಮೇಲೆ ಗಾಡಿ ನಿಲ್ಲಿಸಿ ಮೋಟಾರಿನ ಫ್ಯೂಸ್ ತೆಗೆದು ಇನ್ನೊಂದು ಸುತ್ತು ಹಾಕಿ. ಆ ಭಾರವನ್ನು ನಿಮ್ಮ ಮನೆಯಲ್ಲಿ ಗಾಡಿ ಓಡಿಸುವ ಎಲ್ಲರೂ ತಿರುಗಿಸಬಲ್ಲರು ಅಂತ ಖಾತ್ರಿಯಾದ ಮೇಲೆಯೇ ರಸ್ತೆಗೆ ಇಳಿಸಿ.