ಪದ ಪರಿಚಯ: ಸಾಫ್ಟ್ ಮಾರ್ಕರ್

ತಂಗಿಯ ಐದನೇ ತಿಂಗಳ ಸ್ಕ್ಯಾನ್‌ಗೆ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿದ್ದೆವು. ವಾಪಸು ಬರುವಾಗ ಬಸ್ಸು ಗಾಜನೂರು ದಾಟುವಷ್ಟರಲ್ಲಿ ಅವಳು ರಿಪೋರ್ಟಿನ ಕೊನೆಯ ಸಾಲನ್ನು ಮೊಬೈಲಿನಲ್ಲಿ ಹುಡುಕಿ ಆಗಿತ್ತು. ಮಂಡಗದ್ದೆ ಹತ್ತಿರ ನೆಟ್‌ವರ್ಕ್ ಹೋಯಿತು. ಆಮೇಲೆ ಊರು ಬರುವವರೆಗೂ ಕಿಟಕಿ ಕಡೆ ಮುಖ ಮಾಡಿ ಕೂತಳು. ರಿಪೋರ್ಟಿನಲ್ಲಿ ಇದ್ದದ್ದು ಇಷ್ಟು: ಮಗುವಿನ ಹೃದಯದ ಎಡಭಾಗದಲ್ಲಿ ಒಂದು ಬಿಳಿ ಚುಕ್ಕೆ, ಸಾಫ್ಟ್ ಮಾರ್ಕರ್.

ಆ ಪದವನ್ನು ಅಲ್ಲೇ ಯಾರಾದರೂ ಎರಡು ನಿಮಿಷ ಬಿಡಿಸಿ ಹೇಳಿದ್ದರೆ ಆ ರಾತ್ರಿ ಅವಳು ನಿದ್ದೆ ಮಾಡುತ್ತಿದ್ದಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಾರ್ಕರ್ ಅಂದರೆ ಗುರುತು, ಸುಳಿವು. ಸಾಫ್ಟ್ ಅಂದರೆ ಇಲ್ಲಿ ಗಟ್ಟಿಯಲ್ಲದ ಸುಳಿವು ಅಂತ. ಮಳೆಗಾಲದಲ್ಲಿ ಅಡಿಕೆ ಮರದ ಬುಡದಲ್ಲಿ ಒಂದು ಹಸಿ ಕಾಯಿ ಬಿದ್ದಿರುತ್ತೆ ಅಲ್ವಾ? ಕೊಳೆ ಬಂದಿರಬಹುದು, ಗಾಳಿಗೆ ಸುಮ್ನೆ ಉದುರಿರಲೂಬಹುದು. ತೋಟದವರು ಕತ್ತೆತ್ತಿ ಗೊನೆ ನೋಡುತ್ತಾರೆ, ಅಕ್ಕಪಕ್ಕದ ಮರ ನೋಡುತ್ತಾರೆ. ಒಂದು ಕಾಯಿ ನೋಡಿ ಫಸಲೇ ಹೋಯಿತು ಅಂತ ಕೂರುವುದಿಲ್ಲ. ಸಾಫ್ಟ್ ಮಾರ್ಕರ್ ಕೂಡ ಹಾಗೇ. ಅದು ತಾನೇ ಒಂದು ಕಾಯಿಲೆ ಅಲ್ಲ, ಅಂಗದ ಊನವೂ ಅಲ್ಲ. ಆರೋಗ್ಯವಾಗಿರುವ ಎಷ್ಟೋ ಮಕ್ಕಳಲ್ಲೂ ಕಾಣುತ್ತೆ. ಆದರೆ ಡೌನ್ ಸಿಂಡ್ರೋಮ್‌ನಂಥ ಕ್ರೋಮೋಸೋಮ್ ತೊಂದರೆ ಇರುವ ಮಕ್ಕಳಲ್ಲಿ ಸ್ವಲ್ಪ ಜಾಸ್ತಿ ಕಾಣುತ್ತೆ. ಅದಕ್ಕೇ ಸಾಮಾನ್ಯವಾಗಿ 18ರಿಂದ 20 ವಾರದಲ್ಲಿ ಮಗುವಿನ ಅಂಗಾಂಗ ಸರಿಯಿದೆಯಾ ಅಂತ ನೋಡುವ ಅನಾಮಲಿ ಸ್ಕ್ಯಾನ್‌ನಲ್ಲಿ ಅದನ್ನು ಬರೆದಿಡುತ್ತಾರೆ. ಹೃದಯದ ಗೋಡೆಯಲ್ಲಿ ತೂತು ಕಂಡರೆ ಅದು ಈ ಗುಂಪಿಗೆ ಸೇರುವುದಿಲ್ಲ, ಅದರ ದಾರಿಯೇ ಬೇರೆ.

ತಂಗಿಗೆ ಬಂದ ಬಿಳಿ ಚುಕ್ಕೆ ಹೃದಯದ ಸಣ್ಣ ಸ್ನಾಯುವಿನಲ್ಲಿ ಕೂತ ಕ್ಯಾಲ್ಸಿಯಂ ಕಣ. ಹೃದಯದ ಕೆಲಸಕ್ಕೆ ಅದರಿಂದ ಅಡ್ಡಿಯಿಲ್ಲ. ನೂರರಲ್ಲಿ ಮೂರರಿಂದ ಐದು ಬಸುರಿಯರ ಸ್ಕ್ಯಾನ್‌ನಲ್ಲಿ ಇದು ಕಾಣುತ್ತೆ, ಏಷ್ಯಾದ ಹೆಂಗಸರಲ್ಲಿ ಇನ್ನೂ ಜಾಸ್ತಿ. "ಕ್ಯಾಲ್ಸಿಯಂ ಮಾತ್ರೆ ನುಂಗಿದ್ದಕ್ಕೆ ಬಂತಾ ಅಕ್ಕಾ?" ಅಂತ ಕೇಳಿದಳು. ಇಲ್ಲ. ದಯವಿಟ್ಟು ಯಾರೂ ಈ ಭಯಕ್ಕೆ ಮಾತ್ರೆ ಬಿಡಬೇಡಿ. ಗ್ರಹಣ ನೋಡಿದ್ದಕ್ಕೆ, ಪಪ್ಪಾಯಿ ತಿಂದಿದ್ದಕ್ಕೆ ಅಂತ ಮನೆಯಲ್ಲಿ ಯಾರಾದರೂ ಶುರು ಮಾಡಿದರೆ ಅಲ್ಲೇ ತಡೆಯಿರಿ. ಬಸುರಿ ಏನೋ ತಪ್ಪು ಮಾಡಿ ಬಂದದ್ದಲ್ಲ ಇದು.

ಮೆದುಳಿನಲ್ಲಿ ಕಾಣುವ ಸಣ್ಣ ನೀರುಗುಳ್ಳೆ ಇನ್ನೊಂದು. ಹೆಸರು ಕೇಳಿದರೆ ಎದೆ ಒಡೆಯುತ್ತೆ, ಆದರೆ ಹೆಚ್ಚಿನವು 28 ವಾರದೊಳಗೆ ತಾವೇ ಕರಗುತ್ತವೆ. ಮೂತ್ರಪಿಂಡದಲ್ಲಿ ಮೂತ್ರ ಸೇರುವ ಜಾಗ 4 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಹಿಗ್ಗಿದ್ದರೆ ಕೊನೆಯ ತಿಂಗಳುಗಳಲ್ಲಿ ಮತ್ತೊಮ್ಮೆ ಸ್ಕ್ಯಾನ್ ಮಾಡುತ್ತಾರೆ.

ಎಲ್ಲ ಸುಳಿವೂ ಒಂದೇ ತೂಕದ್ದಲ್ಲ, ಇದನ್ನು ಮುಚ್ಚಿಡಬಾರದು. ಕತ್ತಿನ ಹಿಂದಿನ ಚರ್ಮ 6 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪ ಇದ್ದರೆ, ಮೂಗಿನ ಮೂಳೆ ಕಾಣದಿದ್ದರೆ, ಕರುಳು ಮೂಳೆಯಷ್ಟೇ ಬೆಳ್ಳಗೆ ಕಂಡರೆ, ಅಥವಾ ಒಂದಕ್ಕಿಂತ ಹೆಚ್ಚು ಸುಳಿವು ಒಟ್ಟಿಗೆ ಸಿಕ್ಕರೆ ವೈದ್ಯರು ಮುಂದಿನ ಪರೀಕ್ಷೆಯ ಮಾತು ಎತ್ತುತ್ತಾರೆ. ತಾಯಿಯ ರಕ್ತದಿಂದ ಮಾಡುವ ಎನ್‌ಐಪಿಟಿ ಸಾಧ್ಯತೆ ಎಷ್ಟೆಂದು ಹೇಳುತ್ತೆ. ಖಚಿತ ಉತ್ತರ ಬೇಕೆಂದರೆ ಗರ್ಭದ ನೀರು ತೆಗೆದು ನೋಡುವ ಆಮ್ನಿಯೋಸೆಂಟೆಸಿಸ್. ಅದರಲ್ಲಿ ಗರ್ಭಪಾತದ ಸಣ್ಣ ಅಪಾಯ ಇದೆ. ಮಾಡಿಸಬೇಕೋ ಬೇಡವೋ ಅನ್ನುವುದು ಬಸುರಿಯ ತೀರ್ಮಾನ, ಅತ್ತೆಮನೆಯವರದ್ದಲ್ಲ, ನಮ್ಮದೂ ಅಲ್ಲ. ಆದರೆ ಆ ತೀರ್ಮಾನವನ್ನು ಹಬ್ಬ ಮುಗಿಯಲಿ, ಮಳೆ ನಿಲ್ಲಲಿ ಅಂತ ಮುಂದೆ ಹಾಕಬೇಡಿ. ಈ ವಿಷಯದಲ್ಲಿ ವಾರಗಳಿಗೆ ಲೆಕ್ಕವಿದೆ.

ನಾವು ಮರುದಿನ ಮತ್ತೆ ಶಿವಮೊಗ್ಗಕ್ಕೆ ಹೋದೆವು, ಮೂರನೇ ತಿಂಗಳ ಎನ್‌ಟಿ ಸ್ಕ್ಯಾನ್ (ಮಗುವಿನ ಕತ್ತಿನ ಹಿಂದಿನ ನೀರಿನ ಪದರ ಅಳೆಯುವುದು) ಮತ್ತು ಡಬಲ್ ಮಾರ್ಕರ್ (ಕ್ರೋಮೋಸೋಮ್ ತೊಂದರೆಯ ಸಾಧ್ಯತೆ ಲೆಕ್ಕ ಹಾಕಲು ತಾಯಿಯ ರಕ್ತದ ಪರೀಕ್ಷೆ) ರಿಪೋರ್ಟ್ ಹಿಡಿದುಕೊಂಡು. ಮೊದಲ ದಿನ ಅವು ಮನೆಯ ಬೀರುವಿನಲ್ಲೇ ಉಳಿದಿದ್ದವು. ಹಳೆಯ ರಿಪೋರ್ಟ್ ಪಕ್ಕದಲ್ಲಿಟ್ಟು ಓದಿದರೆ ಮಾತ್ರ ಹೊಸ ಸುಳಿವಿಗೆ ಅರ್ಥ ಬರುತ್ತೆ. ಹಾಗಾಗಿ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡಿ. ಅವಳ ಎರಡೂ ರಿಪೋರ್ಟಿನಲ್ಲಿ ಅಪಾಯದ ಲೆಕ್ಕ ಕಡಿಮೆಯಿತ್ತು. ಚುಕ್ಕೆ ಬಿಟ್ಟರೆ ಬೇರೇನೂ ಇರಲಿಲ್ಲ. "ಇದೊಂದಕ್ಕೇ ಬೇರೆ ಪರೀಕ್ಷೆ ಬೇಡಮ್ಮ" ಅಂದರು ವೈದ್ಯರು.

ಹಿಂದಿನ ರಾತ್ರಿ ಅಮ್ಮ "ಎಂತ ಆಗಲ್ಲ, ಸುಮ್ನೆ ಮಲಗು" ಅಂತ ಹತ್ತು ಸಲ ಹೇಳಿದ್ದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ತಂಗಿಗೆ ಸ್ವಲ್ಪವಾದರೂ ಹಗುರ ಆಗಿದ್ದು ನಾವಿಬ್ಬರೂ ಜಗಲಿಯಲ್ಲಿ ಕೂತು ಒಂದು ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಬರೆದಾಗ. ಇದೊಂದೇ ಇದೆಯಾ, ಬೇರೆ ಏನಾದರೂ ಕಂಡಿದೆಯಾ? ಹಳೆಯ ರಿಪೋರ್ಟಿನ ಜೊತೆ ನೋಡಿದರೆ ಲೆಕ್ಕ ಎಷ್ಟಾಗುತ್ತೆ? ಮತ್ತೆ ಸ್ಕ್ಯಾನ್ ಬೇಕಾ, ಯಾವ ವಾರದಲ್ಲಿ? ನಾಲ್ಕನೆಯದನ್ನು ಅವಳೇ ಬರೆದಳು: ಮಗು ಚೆನ್ನಾಗಿ ಬೆಳೀತಾ ಇದೆಯಾ?